ಫ್ಯೂಸ್ ಒಂದು, ಕಾರಣ ಸಹಿತ

ಪ್ರೀತಿಯ ಭಾವನವರಿಗೆ,

ಈ ಕಾಗದದ ಜೊತೆ ಸ್ಟೋರಿನ ಚೀಟಿಯೊಂದನ್ನು ಮಡಿಸಿ ಇಟ್ಟಿದ್ದೇನೆ. ಅದನ್ನು ಆಮೇಲೆ ನೋಡಿ. ನಿಮ್ಮ ಸ್ಟೋರಿನ ಕಿಟಕಿಯ ಮುಂದೆ ನಿಂತು ಬಾಯಲ್ಲಿ ಹೇಳಬೇಕೆಂದು ಈ ವಾರ ಮೂರು ಸಲ ಬಂದೆ. ಒಂದು ಸಲ ಬಲ್ಬು ಕೇಳಿದೆ, ಒಂದು ಸಲ ಟೇಪು ಕೇಳಿದೆ, ಮೂರನೆಯ ಸಲ ಕೇಳಲು ಏನೂ ತೋಚದೆ "ಊಟ ಆಯ್ತಾ ಭಾವ?" ಅಂದೆ. ಬೆಳಿಗ್ಗೆ ಒಂಬತ್ತೂವರೆಗೆ. "ನಿನಗೇನಾಗಿದೆಯೋ?" ಎಂದು ನಕ್ಕಿರಿ. ಏನಾಗಿದೆ ಅನ್ನುವುದನ್ನೇ ಬರೆಯುತ್ತಿದ್ದೇನೆ.

ಈ ಆಸ್ಪತ್ರೆಯ ಲಾಂಡ್ರಿಗೆ ನನ್ನನ್ನು ಕರೆತಂದವರು ನೀವು. ಹೆಂಡತಿಯ ತಮ್ಮ ಎಂದು ಎಲೆಕ್ಟ್ರಿಷಿಯನ್ ಕೆಲಸ ಕೊಡಿಸಿದಿರಿ, ಹೆಂಡತಿಯ ತಮ್ಮ ಎಂದು ರಿಯಾಯಿತಿ ಮಾತ್ರ ಕೊಡಲಿಲ್ಲ. ಮೊದಲ ವಾರವಿಡೀ ನನ್ನ ಕೈಗೆ ಸ್ಕ್ರೂಡ್ರೈವರನ್ನೂ ಕೊಡದೆ ಕರೆಂಟ್ ಅಳೆಯುವ ನಿಮ್ಮ ಹಳದಿ ಮಲ್ಟಿಮೀಟರನ್ನು ಒರೆಸುವ ಕೆಲಸ ಹಚ್ಚಿದ್ದಿರಿ. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಬೇಕು, ವೈರು ಸಿಕ್ಕಿಸುವ ತೂತುಗಳ ಒಳಗೆ ನೀರು ಹೋಗಕೂಡದು. ವೈರುಗಳನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ಎಳೆ ಮುರಿಯುತ್ತದೆ. ರಜೆಗೆ ಹೋಗುವ ಮುಂಚೆ ಬ್ಯಾಟರಿ ತೆಗೆದಿಡಬೇಕು, ಸೋರಿದರೆ ಮೀಟರು ಹೋದಂತೆಯೇ. ವೈರಿನ ತುದಿಯ ಲೋಹದ ಮೊನೆ ಚುಚ್ಚುವಾಗ ಬೆರಳು ಆ ಪ್ಲಾಸ್ಟಿಕ್ ಅಂಚಿನ ಹಿಂದೆಯೇ ಇರಬೇಕು. ಅಳೆಯುವುದಕ್ಕಿಂತ ಮುಂಚೆ ಇಷ್ಟೆಲ್ಲ. ಮನೆಗೆ ಬಂದು ಅಕ್ಕನ ಹತ್ತಿರ "ನಿನ್ನ ಗಂಡ ಮೀಟರಿಗೆ ಸ್ನಾನ ಮಾಡಿಸ್ತಾರೆ, ನಿನ್ನ ಮಗಳಿಗೂ ಅಷ್ಟು ಉಪಚಾರ ಇಲ್ಲ" ಎಂದು ಆಡಿಕೊಂಡಿದ್ದೆ. ಅಕ್ಕ ನಿಮಗೆ ಹೇಳಿರಬೇಕು. ಮರುದಿನ ನೀವು ಒರೆಸಲು ಎರಡು ಮೀಟರು ಕೊಟ್ಟಿರಿ.

ಸೊನ್ನೆಯ ಪಾಠವನ್ನೂ ಆಗಲೇ ಹೇಳಿದ್ದು. "ಮೀಟರು ಇನ್ನೂರ ಮೂವತ್ತು ವೋಲ್ಟ್ ತೋರಿಸಿದ್ರೆ ನಂಬು. ಸೊನ್ನೆ ತೋರಿಸಿದ್ರೆ ಮಾತ್ರ ನಂಬಬೇಡ. ಕರೆಂಟ್ ಸತ್ತಿರಬಹುದು, ಇಲ್ಲಾ ಮೀಟರೇ ಸತ್ತಿರಬಹುದು. ನಮ್ಮ ಅತ್ತೆ ಸುಮ್ಮನೆ ಕೂತ ಹಾಗೆ ಅದು, ಕೋಪ ಇಳಿದಿದೆಯೋ ಈಗ ಏರ್ತಾ ಇದೆಯೋ ಗೊತ್ತಾಗಲ್ಲ." ನಿಮ್ಮ ಅತ್ತೆ ಅಂದರೆ ನನ್ನ ಅಮ್ಮ. ನಗಬೇಕೋ ಬೇಡವೋ ತಿಳಿಯದೆ ನಾನು ಮೀಟರು ಒರೆಸಿದೆ.

ಅದಕ್ಕೇ ನೀವು ಆ ಮೂರು ಪ್ರಶ್ನೆಗಳನ್ನು ಮಾಡಿಕೊಂಡಿದ್ದಿರಿ. ಯಾವ ಪ್ಯಾನಲ್ಲಿಗೂ ಕೈ ಹಾಕುವ ಮುಂಚೆ ಜೋರಾಗಿ ಕೇಳುತ್ತಿದ್ದಿರಿ. "ಬದುಕಿದ್ದು ನೋಡಿದ್ಯಾ?" ಅಂದರೆ ಕರೆಂಟ್ ಇರುವುದು ಖಾತ್ರಿಯಾದ ಪ್ಲಗ್ಗಿನಲ್ಲಿ ಮೀಟರನ್ನು ಮೊದಲು ಪರೀಕ್ಷಿಸಿದೆಯಾ ಎಂದು. "ಸತ್ತಿದ್ದು ನೋಡಿದ್ಯಾ?" ಅಂದರೆ ಕೆಲಸ ಮಾಡಬೇಕಾದ ಜಾಗದಲ್ಲಿ ಸೊನ್ನೆ ಬಂತಾ ಎಂದು. "ಮತ್ತೆ ಬದುಕಿದ್ದು ನೋಡಿದ್ಯಾ?" ಅಂದರೆ ಅಷ್ಟರಲ್ಲಿ ಮೀಟರೇ ಕೆಟ್ಟಿಲ್ಲ ತಾನೇ ಎಂದು. ಮೂರಕ್ಕೂ ನಾನು "ಹೂಂ" ಅನ್ನಬೇಕು. ಮೂರು ಹೂಂ ಆಗದೆ ನಿಮ್ಮ ಕೈ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಅಳೆಯುವವನು ನಾನು, ಕೈ ಹಾಕುವವರು ನೀವು. ಒಮ್ಮೆ ನಾನು, "ಉಲ್ಟಾ ಮಾಡೋಣ ಭಾವ, ನಾನು ಕೈ ಹಾಕ್ತೀನಿ" ಅಂದಾಗ ನೀವು ಒಪ್ಪಲಿಲ್ಲ. "ಒಳಗೆ ನಿಮ್ಮಕ್ಕನ ಗಂಡನ ಕೈ ಇದ್ರೆ ನೀನು ಸರಿಯಾಗಿ ಅಳೀತೀಯ ಕಣೋ" ಎಂದಿರಿ. ನಿಮ್ಮ ಸುರಕ್ಷೆಯ ಲೆಕ್ಕಾಚಾರದಲ್ಲಿ ಅದೊಂದೇ ತಪ್ಪಿತ್ತು.

ಈಗ ಆ ದಿನಕ್ಕೆ ಬರುತ್ತೇನೆ. ನಿಮಗೆ ಆ ದಿನದ ನೆನಪಿಲ್ಲ. ಬೆಳಿಗ್ಗೆ ಚಪ್ಪಲಿ ಹುಡುಕಿದ್ದು, ಆಮೇಲೆ ಆಸ್ಪತ್ರೆಯ ಚಾವಣಿ, ನಡುವೆ ಏನೂ ಇಲ್ಲ ಎನ್ನುತ್ತೀರಿ. ನಡುವಿನದ್ದೆಲ್ಲ ನಾಲ್ಕು ವರ್ಷದಿಂದ ನನ್ನ ಹತ್ತಿರವಿದೆ.

ಬೆಳಿಗ್ಗೆ ನಾನೊಬ್ಬನೇ ಡ್ರೈಯರಿನ ಫ್ಯಾನು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ನೋಡಿದೆ. ಅದಕ್ಕಾಗಿ ಕೆಂಪು ವೈರನ್ನು ವೋಲ್ಟಿನ ತೂತಿನಿಂದ ಕಿತ್ತು ಆಂಪಿಯರಿನ ತೂತಿಗೆ ಹಾಕಿದ್ದೆ. ಕೆಲಸ ಮುಗಿದ ಮೇಲೆ ವಾಪಸ್ ಹಾಕದೆ, ಪಕ್ಕದ ಪ್ಲಗ್ಗಿನಲ್ಲಿ ಕರೆಂಟ್ ಇದೆಯೇ ಎಂದು ಅದೇ ಮೊನೆಗಳನ್ನು ಚುಚ್ಚಿದೆ. ಪಟ್ ಎಂದು ಕಿಡಿ ಹಾರಿತು. ಮೊದಲ ತಿಂಗಳು ಕಲಿಯಲು ಬಂದವನು ಮಾಡುವ ತಪ್ಪು. ನನಗಾಗ ಒಂಬತ್ತು ವರ್ಷದ ಅನುಭವ. ಮೀಟರಿನೊಳಗಿನ ಫ್ಯೂಸ್ ಹಾರಿಹೋಗಿ ನನ್ನನ್ನು ಉಳಿಸಿತ್ತು.

ಆಗಲೇ ಸ್ಟೋರಿಗೆ ಹೋಗಿ ಹೊಸ ಫ್ಯೂಸ್ ತರಬಹುದಿತ್ತು. ಆದರೆ ಫ್ಯೂಸಿಗೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು, ಆ ರಿಜಿಸ್ಟರನ್ನು ಸಂಜೆ ನೀವು ನೋಡುತ್ತೀರಿ. ಎಲ್ಲರ ಮುಂದೆ "ಏನಪ್ಪಾ, ನಮ್ಮ ಅತ್ತೆಯ ಬಾಯಿಗೆ ಕೈ ಹಾಕಿದೆಯಂತೆ" ಎಂದು ರೇಗಿಸುತ್ತೀರಿ. ಅಷ್ಟೇ ಭಾವ. ಅದಕ್ಕಿಂತ ದೊಡ್ಡ ಶಿಕ್ಷೆ ಏನೂ ಇರಲಿಲ್ಲ. ಅಷ್ಟಕ್ಕೆ ಹೆದರಿದೆ. ವೋಲ್ಟೇಜ್ ನೋಡಲು ಆ ಫ್ಯೂಸ್ ಬೇಕಿಲ್ಲ, ನಡೆಯುತ್ತದೆ ಬಿಡು ಎಂದುಕೊಂಡು ಮೀಟರನ್ನು ಆರಿಸಿ ಚೀಲಕ್ಕೆ ತುರುಕಿದೆ. ಆ ಲೆಕ್ಕವೂ ಸರಿಯಾಗಿಯೇ ಇರುತ್ತಿತ್ತು, ಕೆಂಪು ವೈರು ಸರಿಯಾದ ತೂತಿನಲ್ಲಿ ಇದ್ದಿದ್ದರೆ.

ಹನ್ನೊಂದು ಗಂಟೆಗೆ ನೀವು ಕರೆದಿರಿ. ದೊಡ್ಡ ವಾಷಿಂಗ್ ಮೆಷಿನ್ ನಿಂತಿತ್ತು, ಶಸ್ತ್ರಚಿಕಿತ್ಸೆಯ ಕೋಣೆಯ ಹಸಿರು ಬಟ್ಟೆಗಳು ನೊರೆಯಲ್ಲೇ ಮುಳುಗಿದ್ದವು. ನೀವು ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಿ ನಿಮ್ಮ ಬೀಗ ಹಾಕಿದಿರಿ. ಹಿಡಿಕೆ ಕೆಳಗೆ ಬಂದಿದ್ದರೂ ಒಳಗೆ ಕರೆಂಟ್ ಹಾಯಿಸುವ ಒಂದು ಬ್ಲೇಡು ಅಂಟಿಕೊಂಡೇ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಅಂಥದ್ದನ್ನು ಹಿಡಿಯಲೆಂದೇ ಮೀಟರು ಇರುವುದು. ನೀವು ಮೆಷಿನ್ನಿನ ಹಿಂದಿನ ಇಕ್ಕಟ್ಟಿನಲ್ಲಿ ಪ್ಯಾನಲ್ ಬಾಗಿಲು ತೆಗೆದು ನಿಂತಿರಿ. ನಾನು ಪಕ್ಕದಿಂದ ಕೈ ಚಾಚಿ ಮೊನೆಗಳನ್ನು ಇಟ್ಟೆ. ಸೊನ್ನೆ ಬಂತು. ಆಂಪಿಯರಿನ ತೂತಿನಲ್ಲಿದ್ದ ವೈರು, ಹಾರಿಹೋದ ಫ್ಯೂಸು, ಸೊನ್ನೆಯಲ್ಲದೆ ಇನ್ನೇನು ಬಂದೀತು?

ನೀವು ಕೇಳಿದಿರಿ. ಮೆಷಿನ್ನುಗಳ ಗದ್ದಲದ ಮೇಲೆ, ಎಂದಿನಂತೆ ಜೋರಾಗಿ, ಮೂರನ್ನೂ ಕೇಳಿದಿರಿ.

ಪ್ಲಗ್ಗು ನನ್ನ ಬೆನ್ನ ಹಿಂದೆ ಆರು ಹೆಜ್ಜೆ ದೂರದಲ್ಲಿತ್ತು. ಸೋಮಾರಿತನದಿಂದ ಹೋಗಲಿಲ್ಲ ಅಂದರೆ ಅರ್ಧ ಸತ್ಯವಾಗುತ್ತದೆ. ಬೆಳಿಗ್ಗೆ ಕಿಡಿ ಹಾರಿದ ಮೇಲೆ ಆ ಮೊನೆಗಳನ್ನು ಮತ್ತೊಮ್ಮೆ ಪ್ಲಗ್ಗಿಗೆ ಚುಚ್ಚಲು ನನ್ನ ಕೈಗೆ ಧೈರ್ಯವಿರಲಿಲ್ಲ. ನನ್ನ ಕೈ ಉಳಿಸಿಕೊಂಡು ನಿಮ್ಮ ಕೈಯನ್ನು ಕಳಿಸಿದೆ. ಹೂಂ ಅಂದೆ. ಹೂಂ ಅಂದೆ. ಹೂಂ ಅಂದೆ.

ಮುಂದಿನದು ನಿಮಗೆ ಬೇರೆಯವರು ಹೇಳಿದ್ದಾರೆ. ನಾನು ಓಡಿಹೋಗಿ ಇಡೀ ವಿಭಾಗದ ಬ್ರೇಕರು ಇಳಿಸಿದ್ದು, ನಿಮ್ಮನ್ನು ಎಳೆದು ಹೊರಗೆ ಹಾಕಿದ್ದು, ಇಸ್ತ್ರಿ ವಿಭಾಗದ ಹಿರಿಯ ಹೆಂಗಸು ಮಂಡಿಯೂರಿ ನಿಮ್ಮ ಎದೆ ಒತ್ತತೊಡಗಿದ್ದು ಎಲ್ಲ ನಿಜ. ಆದರೆ ಅವರು "ಏಯ್, ನಿಂತು ಏನು ನೋಡ್ತಿದ್ದೀಯ, ಡಾಕ್ಟರಿಗೆ ಫೋನ್ ಮಾಡು!" ಎಂದು ಕೂಗಿದಾಗ ನಾನು ಮೊದಲು ಮುಟ್ಟಿದ್ದು ಫೋನನ್ನಲ್ಲ. ನೆಲದ ಮೇಲೆ ಬಿದ್ದಿದ್ದ ಮೀಟರನ್ನು. ಆಗಷ್ಟೇ ಆ ಕೆಂಪು ವೈರು ಎಲ್ಲಿದೆ ಎಂದು ಕಣ್ಣಿಗೆ ಬಿದ್ದಿತ್ತು. ಕಿತ್ತು ವೋಲ್ಟಿನ ತೂತಿಗೆ ಹಾಕಿದೆ. ಆಮೇಲೆ ಫೋನ್ ಮಾಡಿದೆ. ನೀವು ಉಸಿರಿಲ್ಲದೆ ಬಿದ್ದಿರುವಾಗ ಮೂರು ನಾಲ್ಕು ಸೆಕೆಂಡನ್ನು ನಾನು ನನಗಾಗಿ ಖರ್ಚು ಮಾಡಿದೆ ಭಾವ. ಹೂಂ ಅಂದದ್ದನ್ನು ತಪ್ಪು ಅನ್ನಬಹುದು. ಇದಕ್ಕೆ ನನಗೆ ಇನ್ನೂ ಪದ ಸಿಕ್ಕಿಲ್ಲ.

ವಿಚಾರಣೆಯ ದಿನ ಸುರಕ್ಷತಾ ಅಧಿಕಾರಿ ಮೀಟರನ್ನು ಪ್ಲಗ್ಗಿಗೆ ಚುಚ್ಚಿ ನೋಡಿದರು. ಇನ್ನೂರ ಮೂವತ್ತು ತೋರಿಸಿತು. ಫ್ಯೂಸ್ ಬಿಚ್ಚಿ ನೋಡುವುದು ಯಾರಿಗೂ ಹೊಳೆಯಲಿಲ್ಲ. "ಮೀಟರ್ ಸರಿಯಾಗೇ ಇದೆಯಲ್ಲ. ಅವರು ಮೂರು ಪ್ರಶ್ನೆ ಕೇಳಿದ್ರಾ?" ಎಂದರು. ನೀವಿನ್ನೂ ಮೇಲಿನ ವಾರ್ಡಿನಲ್ಲಿ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದಿರಿ, ಏನೂ ನೆನಪಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನಾನು, "ಯಾವಾಗ್ಲೂ ಕೇಳ್ತಾರೆ ಸರ್. ಅವತ್ತು ಕೇಳ್ಲಿಲ್ಲ. ನಾನಿನ್ನೂ ಅಳೆದೇ ಇರ್ಲಿಲ್ಲ, ಅಷ್ಟರಲ್ಲಿ ಕೈ ಹಾಕಿಬಿಟ್ರು" ಅಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಒಂದು ಫ್ಯೂಸಿಗೆ ಹೋಗಬಹುದಾಗಿದ್ದ ಮಾನವನ್ನು ಉಳಿಸಿಕೊಳ್ಳಲು ನಿಮ್ಮ ಇಪ್ಪತ್ತೆರಡು ವರ್ಷದ ಮಾನವನ್ನು ತೆತ್ತೆ.

ನಿಮ್ಮ ಬಲಗೈಯ ಬೆರಳು ಮಡಿಚಿಕೊಂಡವು, ನಿಮ್ಮನ್ನು ಸ್ಟೋರಿನ ಕಿಟಕಿಯ ಹಿಂದೆ ಕೂರಿಸಿದರು. ಅದನ್ನು ನೀವು ನುಂಗಿಕೊಂಡಿರಿ, ಎಡಗೈಯಲ್ಲಿ ಬರೆಯಲು ಕಲಿತಿರಿ. ನಿಮ್ಮಿಂದ ನುಂಗಲಾಗದ್ದು ಬೇರೆ ಇತ್ತು. ಮನೆಯ ಒಂದು ಸ್ವಿಚ್ಚು ಕೆಟ್ಟರೆ ಹೊರಗಿನವನನ್ನು ಕರೆಸುತ್ತೀರಿ. ಅಕ್ಕ ಹೇಳಿದಳು: "ಒಲೆ ಆರಿಸಿದ್ದನ್ನ ಮೂರು ಸಲ ನೋಡ್ತಾರೆ ಕಣೋ. ಬಾಗಿಲು ಹಾಕಿ ಅರ್ಧ ದಾರಿ ಹೋಗಿ ವಾಪಸ್ ಬರ್ತಾರೆ. 'ಅವತ್ತು ಮರೆತವನು ಇವತ್ತೂ ಮರೀತೀನಿ ಕಣೇ' ಅಂತಾರೆ." ಅವಳ ಮುಂದೆ ತಟ್ಟೆ ಹಿಡಿದು ಕೂತಿದ್ದೆ. ತಟ್ಟೆ ಖಾಲಿ ಮಾಡಿ ಎದ್ದೆ. ಉಂಡ ಮನೆಗೆ ಎರಡು ಬಗೆಯುವವನು ಹೇಗಿರುತ್ತಾನೆ ಎಂದು ಯಾರಾದರೂ ಕೇಳಿದರೆ, ಚೆನ್ನಾಗಿ ಊಟ ಮಾಡುತ್ತಾನೆ ಎಂದು ಹೇಳಬಲ್ಲೆ.

ಇದನ್ನೆಲ್ಲ ಹೊತ್ತುಕೊಂಡು ಇನ್ನೂ ನಾಲ್ಕು ವರ್ಷ ನಡೆಯುತ್ತಿದ್ದೆನೋ ಏನೋ. ಹೋದ ಸೋಮವಾರ ಹೊಸದಾಗಿ ಸೇರಿದವರ ತರಬೇತಿಗೆ ಅಧಿಕಾರಿ ನಿಮ್ಮನ್ನು ಕರೆಸಿದರು. ಈಗಿನ ಮೇಲ್ವಿಚಾರಕನೆಂದು ನಾನು ಪಕ್ಕದಲ್ಲೇ ನಿಂತಿದ್ದೆ. ನೀವು ಆ ಕೈಯನ್ನು ಮೇಲೆತ್ತಿ ತೋರಿಸಿದಿರಿ. "ಬೇರೆಯವರಿಗೆಲ್ಲ ಹೇಳಿಕೊಡ್ತಿದ್ದೆ. ಒಂದು ದಿನ ನಾನೇ ಕೇಳೋದು ಮರೆತೆ. ಯಾಕೆ ಮರೆತೆ ಅಂತ ಇವತ್ತಿಗೂ ಗೊತ್ತಿಲ್ಲ" ಎಂದಿರಿ. ಮುಂದಿನ ಸಾಲಿನಲ್ಲಿದ್ದ ಹುಡುಗಿ, "ಸರ್, ಅವತ್ತು ನಿಮ್ಮ ಜೊತೆ ಯಾರೂ ಇರ್ಲಿಲ್ವಾ?" ಎಂದು ಕೇಳಿದಳು. ನೀವು ನನ್ನ ಹೆಗಲ ಮೇಲೆ ಆ ಕೈಯನ್ನೇ ಇಟ್ಟಿರಿ. "ಇದ್ದ. ನಮ್ಮ ಭಾಮೈದ. ಅವನು ಇದ್ದಿದ್ದಕ್ಕೇ ನಾನು ಉಳಿದಿದ್ದು." ಅವರೆಲ್ಲ ಚಪ್ಪಾಳೆ ತಟ್ಟಿದರು. ಮಡಿಚಿದ ಆ ಬೆರಳುಗಳು ಅಂಗಿಯ ಮೇಲಿಂದ ನನಗೆ ಒಂದೊಂದಾಗಿ ತಾಗುತ್ತಿದ್ದವು.

ಅವತ್ತು ನಾನು ಲಾಕರಿನಿಂದ ಆ ಹಳದಿ ಮೀಟರನ್ನು ತೆಗೆದೆ. ನಾಲ್ಕು ವರ್ಷದಿಂದ ಅದು ನನ್ನ ಹತ್ತಿರವೇ ಇದೆ, ಫ್ಯೂಸ್ ಇನ್ನೂ ಹಾಕಿಸಿಲ್ಲ. ಹಾಕಿಸಬೇಕಾದರೆ ನಿಮ್ಮ ಕಿಟಕಿಗೆ ಬಂದು, ನಿಮ್ಮ ಕಣ್ಣೆದುರಿಗೆ ಕಾರಣ ಬರೆಯಬೇಕಲ್ಲ. ಹಿಂದಿನ ಮುಚ್ಚಳ ಬಿಚ್ಚಿದೆ. ಸುಟ್ಟ ಫ್ಯೂಸು ಹಾಗೇ ಕೂತಿತ್ತು.

ನಿನ್ನೆ ಸುರಕ್ಷತಾ ಅಧಿಕಾರಿಗೆ ಎಲ್ಲವನ್ನೂ ಬರೆದು, ಸಹಿ ಮಾಡಿ, ಆ ಸುಟ್ಟ ಫ್ಯೂಸನ್ನು ಜೊತೆಗಿಟ್ಟು ಕೊಟ್ಟೆ. ಹೂಂ, ಕೆಂಪು ವೈರು, ಫೋನು, ವಿಚಾರಣೆಯ ಸುಳ್ಳು, ಯಾವುದನ್ನೂ ಬಿಟ್ಟಿಲ್ಲ. ಹೊಸಬರನ್ನು ಮತ್ತೆ ಕೂರಿಸಿ ಅವರ ಮುಂದೆ ಇದನ್ನು ಓದಬೇಕೆಂದು ಕೇಳಿಕೊಂಡಿದ್ದೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಅದನ್ನು ಕೇಳುವ ಮುಖವೂ ನನಗಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಬಂದು ನಾನೇ ಹೇಳುತ್ತೇನೆ. ಬಾಗಿಲು ತೆಗೆಯಬೇಡ ಎಂದು ನೀವು ಅವಳಿಗೆ ಹೇಳಿದರೆ ಹೊರಗೇ ನಿಂತು ಹೇಳುತ್ತೇನೆ. ಕ್ಷಮಿಸಿ ಎಂದು ಈ ಕಾಗದದಲ್ಲಿ ಎಲ್ಲಿಯೂ ಬರೆದಿಲ್ಲ, ಗಮನಿಸಿರಬಹುದು. ಬರೆದರೆ ನಿಮ್ಮ ಕೈಯಿಂದ ಇನ್ನೂ ಒಂದು ಕೆಲಸ ಮಾಡಿಸಿದಂತಾಗುತ್ತದೆ.

ಇನ್ನು ಚೀಟಿ ಬಿಡಿಸಿ ನೋಡಿ ಭಾವ. ರಿಜಿಸ್ಟರಿನಲ್ಲಿ ಇದನ್ನೇ ಏರಿಸಿಕೊಳ್ಳಿ, ನಾಲ್ಕು ವರ್ಷದ ಹಿಂದಿನ ಆ ತಾರೀಕನ್ನೇ ಹಾಕಿದ್ದೇನೆ:

"ಮೀಟರಿನ ಫ್ಯೂಸ್, ಒಂದು. ಕಾರಣ: ತಪ್ಪು ತೂತಿನಲ್ಲಿ ವೈರಿಟ್ಟು ಪ್ಲಗ್ಗಿಗೆ ಚುಚ್ಚಿ ಸುಟ್ಟೆ. ಯಾರಿಗೂ ಹೇಳಲಿಲ್ಲ. ಹಿರಿಯರು ಮೂರು ಸಲ ಕೇಳಿದರು, ಮೂರು ಸಲವೂ ಸುಳ್ಳು ಹೇಳಿದೆ. ಅವರು ಏನನ್ನೂ ಮರೆತಿರಲಿಲ್ಲ."

ಇವತ್ತಿನಿಂದ ಒಲೆಯನ್ನು ಒಂದೇ ಸಲ ನೋಡಿ, ಬಾಗಿಲು ಹಾಕಿ, ಹಿಂದೆ ತಿರುಗದೆ ನಡೆದುಬನ್ನಿ. ನಿಮ್ಮ ನೆಮ್ಮದಿ ನಿಮಗೆ ಮರಳಿ ಬರಲಿ.

ನಿಮ್ಮ ಕೈಯನ್ನು ಒಳಗೆ ಕಳಿಸಿದವನು,
ನಿಮ್ಮ ಭಾಮೈದ