ಘಮ್ ಎಂದಾಗ ಇಳಿಸು

ಮುಳಗುಂದ
ಫೆಬ್ರವರಿ ಮೂವತ್ತು, ಕ್ರಿ.ಶ. ೨೩೧೧

ಮುನ್ನೂರು ವರ್ಷಗಳ ಆಚೆ ಕುಳಿತಿರುವ ಮಹಾಜನರೇ,

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಸಮನಾಗಿ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ, ಪಾತ್ರ ಸಿಗದ ನಟರ ಹಾಗೆ, ವರ್ಷದ ಕೊನೆಯಲ್ಲಿ ಸುಮ್ಮನೆ ನಿಂತಿರುತ್ತವೆ. ನನ್ನ ಮಾತಿನ ಧಾಟಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಮ್ಮ ಜನ ಈಗ ಮೆಲ್ಲಗೆ, ಚಿಕ್ಕದಾಗಿ ಮಾತಾಡುತ್ತಾರೆ. ನಾನು ಮಾತ್ರ ಹುಟ್ಟಿದ್ದೇ ಪರದೆಯ ಹಿಂದೆ. ಕೊನೆಯ ಸಾಲಿನವನಿಗೆ ಕೇಳಿಸದ ಮಾತು ಮಾತೇ ಅಲ್ಲವೆಂದು ಕಲಿತವನು. ನೀವೋ ಮುನ್ನೂರು ಸಾಲು ಹಿಂದೆ ಕುಳಿತಿದ್ದೀರಿ. ಹಾಗಾಗಿ ಕೂಗುತ್ತಿದ್ದೇನೆ. ಕೇಳಿಸಿಕೊಳ್ಳಿ!

ನನ್ನ ಹೆಸರು ದುಂಡಪ್ಪ. ವಯಸ್ಸು ಐವತ್ತೆಂಟು. ಈ ಸೀಮೆಯಲ್ಲಿ ಉಳಿದಿರುವ ಒಂದೇ ಒಂದು ನಾಟಕ ಕಂಪನಿಯ ಮಾಲೀಕ, ಖಳನಾಯಕ ಮತ್ತು ಪರದೆ ಎಳೆಯುವವನು. ಈ ಕಾಗದ ಹಿಮ್ಮುಖ ಅಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಟಪಾಲು. ಯಾವ ಚುನಾವಣೆಯಲ್ಲಿ ಯಾರು ಗೆದ್ದರು, ಯಾವ ಊರು ಮುಳುಗಿತು ಎಂದು ಬರೆದರೆ ಅಂಚೆಯವರು ಕಪ್ಪು ಶಾಯಿ ಬಳಿದುಬಿಡುತ್ತಾರೆ. ತಿಂಡಿ ತಿನಿಸಿನ ಬಗ್ಗೆ ಎಷ್ಟು ಬರೆದರೂ ಅವರಿಗೆ ಚಿಂತೆಯಿಲ್ಲ. ಅದು ಎಷ್ಟು ಅಪಾಯದ ವಿಷಯವೆಂದು ಪಾಪ, ಅವರಿಗೆ ಗೊತ್ತಿಲ್ಲ.

ಮೊದಲು ನಮ್ಮ ದಿನಚರಿ ಹೇಳುತ್ತೇನೆ. ಮಗು ಹುಟ್ಟಿದ ಹನ್ನೊಂದನೆಯ ದಿನ ಅದರ ಕೈಗೆ ತೃಪ್ತಿಬಳೆ ತೊಡಿಸುತ್ತಾರೆ. ಮೈಯ ಒಳಗಿನ ಸಕ್ಕರೆ, ಉಪ್ಪು, ಆಯಾಸ, ನಿದ್ದೆ ಎಲ್ಲವನ್ನೂ ಬಳೆಯೇ ಓದಿ, ಗೋಡೆಯಲ್ಲಿರುವ ಮಿತಿಪೆಟ್ಟಿಗೆಗೆ ತಿಳಿಸುತ್ತದೆ. ಪೆಟ್ಟಿಗೆ ಟಣ್ ಎನ್ನುತ್ತದೆ. ಬಾಗಿಲು ತೆರೆದರೆ ಅಂಗೈಯಷ್ಟು ಬಿಳಿಯ ಮೆತ್ತನೆಯ ಮುದ್ದೆ. ಅದಕ್ಕೆ ತುತ್ತು ಎನ್ನುತ್ತೇವೆ. ಅಗಿಯುವ ಕೆಲಸವಿಲ್ಲ, ನಾಲಿಗೆಯ ಮೇಲಿಟ್ಟರೆ ತಾನೇ ಜಾರುತ್ತದೆ. ನೀರು ಕುಡಿ ಎಂದು ಬಳೆ ಹೇಳಿದಾಗ ಕುಡಿಯುತ್ತೇವೆ, ಮಲಗು ಎಂದಾಗ ಮಲಗುತ್ತೇವೆ. ಮನೆಗಳಲ್ಲಿ ಗಾಳಿತೊಳಕ ಎಂಬ ಯಂತ್ರ ಹಗಲಿರುಳು ಗಾಳಿಯನ್ನು ತೊಳೆಯುತ್ತದೆ. ಧೂಳಿಲ್ಲ, ಸೊಳ್ಳೆಯಿಲ್ಲ, ಯಾವ ವಾಸನೆಯೂ ಇಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಗಿಲ್ಲದೆ ಸತ್ತವರು ನಮ್ಮಲ್ಲಿ ಯಾರೂ ಇಲ್ಲ. ಸಕ್ಕರೆ ಕಾಯಿಲೆಯನ್ನು ನಾನು ನಾಟಕದ ಮಾತಿನಲ್ಲಷ್ಟೇ ಕೇಳಿದ್ದೇನೆ. ಹೀಗಿರುವಾಗ ಈ ಮುದುಕ ಯಾಕೆ ಗಂಟಲು ಹರಿದುಕೊಳ್ಳುತ್ತಿದ್ದಾನೆ ಎಂದಿರಾ? ನನ್ನ ಅಕ್ಕನಿಗಾಗಿ!

ಅಕ್ಕನ ಹೆಸರು ನೀಲವ್ವ. ಅರವತ್ತಾರು ವರ್ಷ. ನಲವತ್ತು ವರ್ಷ ನಮ್ಮ ಕಂಪನಿಯ ರಾಣಿಯಾಗಿ ಮೆರೆದವಳು. ಅವಳು ಒಂದು ಸಲ ಉಸಿರೆಳೆದು ‘ಯಾರಲ್ಲಿ!’ ಎಂದರೆ ಹೊರಗೆ ನಿಂತ ಕಾವಲುಗಾರನೂ ಒಳಗೆ ಓಡಿ ಬರುತ್ತಿದ್ದ. ಕಳೆದ ವರ್ಷ ಎರಡನೆಯ ಅಂಕದ ನಡುವೆ, ಸಿಂಹಾಸನದಿಂದ ಏಳುವಾಗ ಹಾಗೆಯೇ ಕುಸಿದಳು. ಬಳೆಯ ಮೇಲೆ ‘ತೃಪ್ತಿ’ ಎಂಬ ಹಸಿರು ದೀಪ ಉರಿಯುತ್ತಲೇ ಇತ್ತು. ಅಂದಿನಿಂದ ತುತ್ತು ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದಳು. ಹಸಿವಿದೆಯೋ ಇಲ್ಲವೋ ಅವಳಿಗೇ ತಿಳಿಯುತ್ತಿರಲಿಲ್ಲ; ದಣಿವೋ ದುಃಖವೋ ಅದೂ ತಿಳಿಯುತ್ತಿರಲಿಲ್ಲ. ಅರವತ್ತಾರು ವರ್ಷ ಬಳೆಯೊಂದೇ ಕೇಳಿಸಿಕೊಂಡ ಮೈ, ತನ್ನ ಮಾತನ್ನು ತಾನೇ ಮರೆತಿತ್ತು. ದೇಹಪಾಲನಾ ಕಚೇರಿಯಿಂದ ನೋಟೀಸು ಬಂತು: ನಲವತ್ತು ದಿನಗಳಲ್ಲಿ ಈ ಹೆಂಗಸು ತನ್ನ ಕೈಯಿಂದ ಉಣ್ಣಬೇಕು, ನೂರು ಹೆಜ್ಜೆ ನಡೆಯಬೇಕು, ತನಗೇನು ಬೇಕೆಂದು ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ನಿಶ್ಚಿಂತಾಲಯಕ್ಕೆ ಕರೆದೊಯ್ಯಲಾಗುವುದು. ಅಲ್ಲಿ ಕೊಳವೆಯಲ್ಲಿ ಊಟ, ಕೊಳವೆಯಲ್ಲೇ ನಿದ್ದೆ. ಒಳಹೋದವರ ಮುಖದಲ್ಲಿ ನೋವಿರುವುದಿಲ್ಲ. ಯಾರೂ ಹೊರಬರುವುದೂ ಇಲ್ಲ.

ನಾನು ಆ ನೋಟೀಸನ್ನು ಮಡಚಿ, ಖಳನಾಯಕನ ಕಿರೀಟದೊಳಗೆ ತುರುಕಿ, ಖಾಲಿ ರಂಗಮಂದಿರದಲ್ಲಿ ನಿಂತು ಆಣೆ ಮಾಡಿದೆ. ನನ್ನ ಅಕ್ಕನನ್ನು ಕೊಡುವುದಿಲ್ಲ!

ಆಣೆ ಮಾಡುವುದು ನಟನಿಗೆ ಸುಲಭ. ಮುಂದೇನು? ಕಂಪನಿಯ ಟ್ರಂಕಿನಲ್ಲಿ ನಿಮ್ಮ ಕಾಲಕ್ಕೂ ಹಳೆಯದಾದ ಒಂದು ನಾಟಕದ ಪ್ರತಿಯಿತ್ತು. ಅದರ ಹಿಂಬದಿಯ ಹಾಳೆಗಳಲ್ಲಿ ಸಾವಂತ್ರೆವ್ವ ಎಂಬ ನಟಿ, ಬಣ್ಣದ ಮಂದಿ ಮೈ ಕಾಪಾಡಿಕೊಳ್ಳುವ ಬಗೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಮುಂಜಾನೆ ಉಪ್ಪುನೀರು ಮುಕ್ಕಳಿಸಬೇಕು. ಬಣ್ಣ ತೊಳೆದ ಮೇಲೆ ಅಂಗಾಲಿಗೆ ಎಣ್ಣೆ ತಿಕ್ಕಬೇಕು. ಹಗಲೂಟವಾದ ಮೇಲೆ ಯಾರೊಂದಿಗೂ ಮಾತಾಡದೆ ಅರ್ಧ ತಾಸು ಒರಗಬೇಕು. ಮತ್ತು ಪರದೆ ಏಳುವ ಒಂದು ತಾಸು ಮೊದಲು ಒಂದು ಹೆಸರುಂಡಿ ತಿನ್ನಬೇಕು. ಕರಿದ ತಿಂಡಿ ಕೊರಳಿಗೆ ಕೇಡು. ಉಂಡಿಯ ವಿಧಾನ ನಾಲ್ಕೇ ಸಾಲು: ‘ಹೆಸರುಕಾಳು ಸಣ್ಣ ಉರಿಯಾಗ ಹುರಿ. ಘಮ್ ಅಂದಾಗ ಇಳಸು. ಬೀಸಿ, ಬೆಲ್ಲ, ಒಣಕೊಬ್ಬರಿ, ಯಾಲಕ್ಕಿ, ಬೊಗಸಿ ಎಳ್ಳು ಹಾಕಿ, ಬೆಚ್ಚಗಿನ ತುಪ್ಪದಾಗ ಕಟ್ಟು. ತಡಾ ಮಾಡಿದ್ರ ಕಹಿ.’

ನಮ್ಮಲ್ಲಿ ಕಾಳು ಬೆಳೆಯುತ್ತದೆ, ಆದರೆ ಪುಡಿಯಾಗಿ ನೇರ ಪೆಟ್ಟಿಗೆಗಳ ಕೊಳವೆ ಸೇರುತ್ತದೆ. ಇಡೀ ಕಾಳು ಬೀಜಭಂಡಾರದಲ್ಲಷ್ಟೇ ಸಿಗುತ್ತದೆ. ಬೆಂಕಿ ಹಚ್ಚಲು ಪರವಾನಗಿ ಇರುವುದು ರಂಗಮಂದಿರಕ್ಕೆ ಮಾತ್ರ. ನಾನು ಮೂರು ಸೇರು ಹೆಸರುಕಾಳು, ಬೆಲ್ಲ, ಎಳ್ಳು, ಕೊಬ್ಬರಿ, ತುಪ್ಪ, ಒಂದು ಬೀಸುವ ಕಲ್ಲು ಎಲ್ಲವನ್ನೂ ‘ರಂಗಸಾಮಾನು’ ಎಂದು ಬರೆಸಿಕೊಂಡು ತಂದೆ. ವೇದಿಕೆಯ ಮೇಲೆ ಒಲೆ ಹೂಡಿದೆ. ನಿಯಮದಂತೆ ಒಲೆಯ ನೆತ್ತಿಯ ಮೇಲೆ ಗಾಳಿತೊಳಕದ ಬಾಯಿ ಬಂತು. ನಿಯಮದಂತೆ ನಾವು ಎರಡು ಮಾರು ದೂರ ನಿಂತು ಉದ್ದ ಹಿಡಿಯ ಸೌಟಿನಿಂದ ಕೈಯಾಡಿಸಿದೆವು. ಪಕ್ಕದಲ್ಲಿ ನಮ್ಮ ಪೇಟಿ ಮಾಸ್ತರ ಖಾದರಸಾಬ ತನ್ನ ಹಾರ್ಮೋನಿಯಂ ಹಿಡಿದು ಕುಳಿತ. ಹುರಿಯುವುದಕ್ಕೂ ಒಂದು ರಾಗ ಬೇಕೆಂಬುದು ಅವನ ವಾದ.

ಹುರಿದೆವು. ಘಮ್ ಎನ್ನಲಿಲ್ಲ. ಇನ್ನೂ ಹುರಿದೆವು. ಎನ್ನಲಿಲ್ಲ. ಕಾಳು ಕೆಂಪಾಯಿತು, ಕಂದಾಯಿತು, ಇದ್ದಿಲಾಯಿತು. ಕಟ್ಟಿದ ಉಂಡಿಯನ್ನು ನಾಲಿಗೆಗೆ ಮುಟ್ಟಿಸಿದ ಖಾದರಸಾಬ ಕಣ್ಣು ಮುಚ್ಚಿ, “ಧಣ್ಯಾರ, ಇದನ್ನ ಯುದ್ಧದ ದೃಶ್ಯಕ್ಕ ಇಟಗೋರಿ. ವೈರಿ ಮ್ಯಾಲೆ ಒಗಿಯಾಕ ಬರ್ತಾವ” ಎಂದ. ಎರಡನೆಯ ಸಲವೂ ಅದೇ ಕಥೆ. ಇಪ್ಪತ್ತಾರು ದಿನಗಳು ಕಳೆದಿದ್ದವು. ಒಂದೇ ಸೇರು ಕಾಳು ಉಳಿದಿತ್ತು. ಪರದೆಯ ಹಿಂದೆ ಮಂಚದ ಮೇಲೆ ಮಲಗಿದ್ದ ಅಕ್ಕ, “ಬಿಡೋ ತಮ್ಮಾ. ಅಲ್ಲಿ ನಿಶ್ಚಿಂತಿ ಇರತೈತಂತ. ಹೋಗತೇನಿ” ಎಂದಳು. ಆ ಮಾತಿಗಿಂತ ಅದನ್ನು ಹೇಳಿದ ದನಿ ನನ್ನನ್ನು ಕೊಂದಿತು. ನನ್ನ ಅಕ್ಕ ಅಷ್ಟು ಮೆಲ್ಲಗೆ ಎಂದೂ ಮಾತಾಡಿದವಳಲ್ಲ.

ಮರುದಿನ ಮೂರನೆಯ ಸಲ, ಅರ್ಧ ಸೇರು ಹಾಕಿದೆ. ಕಾಳು ಬಣ್ಣ ತಿರುಗುವ ಹೊತ್ತಿಗೆ ಖಾದರಸಾಬ ಸಿಟ್ಟಿನಿಂದ ಎದ್ದ. “ಹೊಗಿ ಕುಡದು ನನ್ನ ಪೇಟಿ ಕೆಮ್ಮಾಕತ್ತಿದ್ರ ಯಾರು ಔಷಧ ಕೊಡೋರು?” ಎಂದು ಬೈಯುತ್ತ ಪೇಟಿಯನ್ನು ಮುಚ್ಚಿ ಬಣ್ಣದ ಕೋಣೆಗೆ ಹೊತ್ತೊಯ್ದ. ಇತ್ತ ನಾನು ಕಾಯುತ್ತ ನಿಂತು ಆ ಕಾಳನ್ನೂ ಕರಕಾಗಿಸಿದೆ. ತಲೆಯ ಮೇಲೆ ಕೈಹೊತ್ತು ಕೂರುವಷ್ಟರಲ್ಲಿ ಬಣ್ಣದ ಕೋಣೆಯಿಂದ ಒಂದು ಚೀರಾಟ. “ಧಣ್ಯಾರ! ಬರ್ರಿ! ಓಡಿ ಬರ್ರಿ! ನನ್ನ ಪೇಟಿ ಘಮ್ ಅನ್ನಾಕತ್ತೇತಿ!”

ಓಡಿದೆ. ಖಾದರಸಾಬ ತಿದಿಯೊತ್ತಿದ. ನಾನು ಮುಖವನ್ನು ಪೇಟಿಗೆ ಆನಿಸಿದೆ. ಮಹಾಜನರೇ, ಆ ವಾಸನೆಯನ್ನು ಏನೆಂದು ವರ್ಣಿಸಲಿ! ನಿಮಗೆ ಅದು ದಿನನಿತ್ಯದ್ದು. ನನಗೆ ಐವತ್ತೆಂಟು ವರ್ಷಗಳಲ್ಲಿ ಅದೇ ಮೊದಲು. ಅರ್ಧ ಹುರಿದ ಹೊತ್ತಿನಲ್ಲಿ ತಿದಿ ಎಳೆದುಕೊಂಡ ಗಾಳಿ ಪೇಟಿಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ಮೂರೂ ಸಲ ನಮ್ಮ ಕಾಳು ತಪ್ಪದೆ ಘಮ್ ಎಂದಿತ್ತು. ನೆತ್ತಿಯ ಮೇಲಿನ ಗಾಳಿತೊಳಕ ಅದನ್ನು ನಮ್ಮ ಮೂಗಿಗಿಂತ ಮೊದಲೇ ನುಂಗಿಹಾಕಿತ್ತು! ವಾಸನೆಯನ್ನೇ ಕಾಣದ ಮನೆಗಳಲ್ಲಿ ಬೆಳೆದ ನಮಗೆ, ವಾಸನೆ ಬರಬೇಕಾದರೆ ಯಂತ್ರ ನಿಲ್ಲಿಸಬೇಕೆಂಬ ಬುದ್ಧಿಯೇ ಹೊಳೆದಿರಲಿಲ್ಲ.

ಗಾಳಿತೊಳಕವನ್ನು ನಿಲ್ಲಿಸಿದರೆ ಹನ್ನೊಂದು ನಿಮಿಷಕ್ಕೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಅಷ್ಟರೊಳಗೆ ಹುರಿಯಬೇಕು. ಕೊನೆಯ ಅರ್ಧ ಸೇರು ಕಾಳು. ನಾನು ಗುಂಡಿ ಒತ್ತಿದೆ. ರಂಗಮಂದಿರದಲ್ಲಿ ಹುಟ್ಟಿದಂದಿನಿಂದ ಕೇಳುತ್ತಿದ್ದ ಗುಂಯ್ ಸದ್ದು ನಿಂತು, ಎಂದೂ ಇಲ್ಲದ ಮೌನ ಬಂತು. ಸಣ್ಣ ಉರಿ. ಎರಡು ಮಾರು ದೂರದ ನಿಯಮವನ್ನು ಕಾಲಲ್ಲಿ ಒದ್ದು, ಬಾಣಲೆಯ ಮೇಲೆ ಬಾಗಿ ಕೈಯಾಡಿಸಿದೆ. ಐದು ನಿಮಿಷ, ಏನೂ ಇಲ್ಲ. ಏಳು, ಏನೂ ಇಲ್ಲ. ಎಂಟನೆಯ ನಿಮಿಷಕ್ಕೆ ಮೊದಲು ಹಸಿ ಮಣ್ಣಿನಂಥದ್ದೊಂದು, ಆಮೇಲೆ ಬಿಸಿಲಿನಂಥದ್ದೊಂದು, ಆಮೇಲೆ, ಘಮ್! ವೇದಿಕೆಯಿಂದ ಕೊನೆಯ ಸಾಲಿನವರೆಗೆ ಘಮ್! ಇಳಿಸಿದೆ.

ಪರದೆಯ ಹಿಂದೆ ಗುರ್ ಎಂಬ ಸದ್ದು. ಯಾವುದೋ ರಾಟೆ ಮುರಿಯಿತೆಂದುಕೊಂಡೆ. ಅಕ್ಕ ಎದ್ದು ಕುಳಿತು ಹೊಟ್ಟೆ ಹಿಡಿದುಕೊಂಡು ಕಣ್ಣಗಲಿಸಿದ್ದಳು. “ದುಂಡ್ಯಾ, ನನ್ನ ಹೊಟ್ಟ್ಯಾಗ ಯಾರೋ ಬೈಯಾಕತ್ಯಾರಲ್ಲೋ!”

“ಯಾರೂ ಅಲ್ಲವಾ ಯಕ್ಕಾ, ನೀನ ಬೈಯಾಕತ್ತಿ!” ಎಂದು ಖಾದರಸಾಬ ಕುಣಿದ.

ಬೀಸಿದೆವು, ಕಲಸಿದೆವು, ಕಟ್ಟಿದೆವು. ಮೊದಲ ಉಂಡಿ ನನ್ನ ಕೈಯಲ್ಲಿ ಪುಡಿಯಾಯಿತು. ಅಕ್ಕ ನನ್ನ ಕೈಯಿಂದ ಹಿಟ್ಟು ಕಿತ್ತುಕೊಂಡು, “ಗಟ್ಟಿ ಒತ್ತೋ, ಹೇಡಿ!” ಎಂದು ತಾನೇ ಕಟ್ಟಿದಳು. ಕಚ್ಚಿದಳು. ದವಡೆಗೆ ಅಭ್ಯಾಸವಿಲ್ಲ, ಒಂದು ಉಂಡಿಗೆ ಅರ್ಧ ತಾಸು ಹಿಡಿಯಿತು, ಕಣ್ಣಲ್ಲಿ ನೀರು ಇಳಿಯಿತು. ನುಂಗಿ, ಕೈ ಚಾಚಿದಳು. “ಇನ್ನೊಂದು.”

ಉಳಿದ ಹದಿಮೂರು ದಿನ ನಾವು ಸೈನಿಕರ ಹಾಗೆ ದುಡಿದೆವು. ಬೀಜಭಂಡಾರಕ್ಕೆ ಮತ್ತೆ ಹೋಗಿ, ಹೊಸ ನಾಟಕದಲ್ಲಿ ಹಬ್ಬದ ದೃಶ್ಯವಿದೆ ಎಂದು ಹೇಳಿ ಕಾಳು ತಂದೆ. ಮುಂಜಾನೆ ಉಪ್ಪುನೀರು. ಅಂಗಾಲಿಗೆ ಎಣ್ಣೆಯನ್ನು ನಾನೇ ತಿಕ್ಕಿದೆ. ಕಚಗುಳಿಯಾಗಿ ಅಕ್ಕ ಒದ್ದಳು, ಆ ಒದೆತದಲ್ಲಿ ದಿನೇದಿನೇ ಬಲ ಹೆಚ್ಚಿತು. ಹಗಲಿಗೆ ಅರ್ಧ ತಾಸು ಮೌನ. ನಾಲ್ಕು ಗಂಟೆಗೆ ಉಂಡಿ, ಕೂತು, ಅಗಿದು. ಬಳೆಯನ್ನು ಬಟ್ಟೆಯಿಂದ ಸುತ್ತಿ, ಪ್ರತಿ ತಾಸಿಗೊಮ್ಮೆ ನಾನು ಕೇಳುತ್ತಿದ್ದೆ: ಹಸಿವೋ, ನೀರಡಿಕೆಯೋ, ದಣಿವೋ? ಮೊದಮೊದಲು ಎಲ್ಲಕ್ಕೂ “ಗೊತ್ತಿಲ್ಲ.” ಮೂವತ್ನಾಲ್ಕನೆಯ ದಿನ ಅವಳು ಯೋಚಿಸಿ, “ದಣಿವಲ್ಲ. ಬ್ಯಾಸರ. ನೀ ತಾಸಿಗೊಮ್ಮೆ ಕೇಳೋದಕ್ಕ” ಎಂದಳು. ನಾನು ಆನಂದದಿಂದ ಅತ್ತೆ.

ನಲವತ್ತನೆಯ ದಿನ ದೇಹಪಾಲಕಿ ರೋಹಿಣಿ ಅಣ್ಣಿಗೇರಿ ಬಂದಳು. ಒಳ್ಳೆಯ ಹುಡುಗಿ, ಕೈಯಲ್ಲಿ ಫಾರಂ. ಅಕ್ಕ ನೂರು ಹೆಜ್ಜೆಗೆ ನೂರಾ ಎರಡು ನಡೆದಳು. ತನ್ನ ಕೈಯಿಂದಲೇ ಉಂಡಳು. ಕೊನೆಯ ಪ್ರಶ್ನೆ: “ನಿಮಗೆ ಈಗ ಏನು ಬೇಕು?” ಬಟ್ಟೆ ಬಿಚ್ಚಿದ ಬಳೆಯಲ್ಲಿ ಹಸಿರು ದೀಪ. ‘ತೃಪ್ತಿ.’ ಅಕ್ಕ ಅದರತ್ತ ನೋಡಲಿಲ್ಲ. ಉಸಿರೆಳೆದಳು. ನಾನು ಆ ಉಸಿರನ್ನು ಬಲ್ಲೆ, ಕಿವಿ ಮುಚ್ಚಿಕೊಂಡೆ.

“ಹಸಿವಾಗೇತಿ!”

ಪರದೆ ನಡುಗಿತು. ರೋಹಿಣಿ ಫಾರಂ ಮೇಲೆ ಕೆಳಗೆ ತಿರುಗಿಸಿ ನೋಡಿದಳು; ಆ ಉತ್ತರಕ್ಕೆ ಅಲ್ಲಿ ಜಾಗವಿರಲಿಲ್ಲ. ಕೊನೆಗೆ ಅಂಚಿನಲ್ಲಿ ಕೈಯಿಂದ ಬರೆದು, ಒಂದು ವರ್ಷ ಮನೆಯಲ್ಲೇ ಇರಬಹುದೆಂದು ಸಹಿ ಹಾಕಿದಳು. ಹೊರಡುವಾಗ ಒಂದು ಉಂಡಿಯನ್ನು ಮೂಸಿ, “ಅಜ್ಜಾರ, ಇದಕ್ಕ ಏನಂತಾರ?” ಎಂದು ಮೆಲ್ಲಗೆ ಕೇಳಿ ಚೀಲಕ್ಕೆ ಹಾಕಿಕೊಂಡಳು.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನಿಮ್ಮ ಕೈಗಡಿಯಾರಗಳು ನಿಮ್ಮ ನಿದ್ದೆಗೆ ಅಂಕ ಕೊಡಲು ಆಗಲೇ ಶುರುಮಾಡಿವೆ ಎಂದು ಓದಿದ್ದೇನೆ. ಕೊಡಲಿ ಬಿಡಿ. ಆದರೆ ಬೆಳಿಗ್ಗೆ ಅದನ್ನು ನೋಡುವ ಮೊದಲು, ನಿದ್ದೆ ಬಂತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಸಂಜೆ ನಾಲ್ಕಕ್ಕೆ ಚಕಚಕ ಹೊಳೆಯುವ ಪ್ಯಾಕೆಟ್ಟು ಹರಿಯುವ ಮುಂಚೆ ಹೊಟ್ಟೆ ಏನೆನ್ನುತ್ತಿದೆ ಎಂದು ಒಂದು ಕ್ಷಣ ನಿಂತು ಕೇಳಿ. ನಮ್ಮ ಬಳೆಯನ್ನು ಯಾರೂ ಬಲವಂತದಿಂದ ತೊಡಿಸಲಿಲ್ಲ. ಕೇಳಿಕೊಳ್ಳುವುದಕ್ಕೆ ಪುರುಸೊತ್ತಿಲ್ಲದ ನಮ್ಮ ಹಿರಿಯರೇ ಕೈ ಚಾಚಿದರು.

ಇನ್ನೊಂದು ಬೇಡಿಕೆ, ಇದಕ್ಕಾಗಿಯೇ ಈ ಕಾಗದ. ಅಕ್ಕನ ಮುಂದಿನ ಪರೀಕ್ಷೆಗೆ ಹನ್ನೊಂದು ತಿಂಗಳಿದೆ. ದಿನವೂ ಹೆಸರುಂಡಿ ತಿಂದು ಅವಳಿಗೆ ಬೇಸರ ಬಂದಿದೆ; ನಿನ್ನೆ ತಟ್ಟೆ ಸರಿಸಿದಳು. ಸಾವಂತ್ರೆವ್ವನ ಹಾಳೆಗಳಲ್ಲಿ ಬೇರೆ ತಿಂಡಿಯಿಲ್ಲ. ನಿಮ್ಮ ಮನೆಯಲ್ಲಿ ಮಾಡುವ ಒಂದು ತಿನಿಸನ್ನು ಗಟ್ಟಿ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ನೀರು ತಾಗದ ಜಾಗದಲ್ಲಿಡಿ. ಎಲ್ಲಿಟ್ಟರೂ ಅಗೆದು ತೆಗೆಯುತ್ತೇವೆ, ಆ ಚಿಂತೆ ನಮಗಿರಲಿ. ಎಷ್ಟು ನಿಮಿಷ ಎಂದು ಮಾತ್ರ ಬರೆಯಬೇಡಿ. ಬಣ್ಣ ಯಾವುದಕ್ಕೆ ತಿರುಗುತ್ತದೆ, ಕೈಗೆ ಹೇಗೆ ತಾಗುತ್ತದೆ, ಯಾವ ವಾಸನೆ ಬಂದಾಗ ನಿಮ್ಮವ್ವ ಒಲೆಯತ್ತ ಓಡುತ್ತಿದ್ದಳು, ಅದನ್ನು ಬರೆಯಿರಿ. ನನ್ನ ಅಕ್ಕ ಕಾಯುತ್ತಿದ್ದಾಳೆ, ಮತ್ತು ಅವಳಿಗೆ ಹಸಿವಾಗಿದೆ.

ನಿಮ್ಮ ದುಂಡಪ್ಪ