ತೋಳಿನೊಳಗಿನ ಹಗ್ಗ

ಇಳಕಲ್
೧೧ ನವೆಂಬರ್

ಮೂಗಿನ ತುದಿಗೇ ಸಿಟ್ಟು ಇಟ್ಟುಕೊಂಡ ಗೀತಾಂಜಲಿಗೆ,

ಡಾಕ್ಟರ ಬಾಯಿಂದ ‘ಕತ್ತರಿಸಬೇಕು’ ಎಂಬ ಅರ್ಧ ಮಾತು ಬಂದಿತ್ತೋ ಇಲ್ಲವೋ, ಧಡಕ್ಕನೆ ಎದ್ದು ಬದಾಮಿ ಬಸ್ಸು ಹಿಡಿದೆಯಲ್ಲ, ಇದನ್ನು ನಿನಗೆ ಯಾವ ಸಾಲಿಯಲ್ಲಿ ಕಲಿಸಿದರು? ನಾನು ಮೂರನೇ ಇಯತ್ತೆ ದಾಟಿದವಳಲ್ಲ, ನನಗೇ ಕೂತು ಕೇಳುವಷ್ಟು ತಾಳ್ಮೆ ಇತ್ತು. ಈಗ ಫೋನು ಬಂದ್ ಮಾಡಿ ಕುಂತಿದ್ದೀ. ಇರಲಿ, ಪತ್ರಕ್ಕೆ ಬಂದ್ ಮಾಡುವ ಗುಂಡಿ ಇಲ್ಲ.

ನೀನು ಹೋದ ಮೇಲೆ ಬಾಗಲಕೋಟೆ ದವಾಖಾನೆಯ ಆ ಖೋಲಿಯಲ್ಲಿ ಉಳಿದವರು ನಾನು, ನನ್ನ ಮಗ ಅಂದರೆ ನಿಮ್ಮಪ್ಪ ನೀಲಪ್ಪ, ಡಾಕ್ಟರ್ ವರದಾಬಾಯಿ. ನಿಮ್ಮಪ್ಪ ಒಳಗೊಳಗೇ ಖುಷಿಯಾಗಿದ್ದ. ಮಗಳು ಬಂಡೆ ಹತ್ತುವುದು, ಊರ ಮಕ್ಕಳಿಗೆ ಹತ್ತುವುದನ್ನು ಕಲಿಸುವುದು, ಎಲ್ಲ ಇಲ್ಲಿಗೆ ಮುಗಿಯಿತು ಅಂತ. ನನ್ನ ಕಣ್ಣ ಮುಂದೆ ಇದ್ದದ್ದು ನಿನ್ನ ಕೈ. ವ್ಯಾಯಾಮ ಮಾಡಿದೆ, ಭುಜಕ್ಕೆ ಸೂಜಿ ಚುಚ್ಚಿಸಿಕೊಂಡೆ, ಆದರೂ ತುಂಬಿದ ತಂಬಿಗೆ ಎತ್ತಿದರೆ ಮುಖ ಕಿವುಚುತ್ತಿದ್ದೆ.

ಡಾಕ್ಟರು ಪ್ಲಾಸ್ಟಿಕ್ಕಿನ ಒಂದು ಭುಜವನ್ನು ನನ್ನ ಮಡಿಲಲ್ಲಿ ಇಟ್ಟರು. ಕೈ ಮಡಚಿದಾಗ ತೋಳಿನಲ್ಲಿ ಉಬ್ಬುತ್ತದಲ್ಲ, ಆ ಸ್ನಾಯು ಮೇಲೆ ಹೋಗುತ್ತ ತೆಳ್ಳನೆಯ ಬಿಳಿ ಹಗ್ಗವಾಗಿ, ಎಲುಬಿನ ಸಣ್ಣ ಕಾಲುವೆಯಲ್ಲಿ ಹಾದು, ಭುಜದ ಗುಳಿಯ ಅಂಚಿಗೆ ಕೂಡುತ್ತದೆ. ಹುಟ್ಟಿದಾಗಿನಿಂದ ಮಗ್ಗದ ಮುಂದೆ ಕುಂತವಳು ನಾನು. ನನ್ನ ಮೈಯೊಳಗೇ ಇಂಥ ನೂಲನ್ನು ಯಾರು ಎಳೆದಿಟ್ಟರು ಎಂದು ಆ ಹಗ್ಗದ ಗುಂಟ ಬೆರಳು ಆಡಿಸಿ ನೋಡಿದೆ. ನಿನ್ನ ಹಗ್ಗ ಆ ಕಾಲುವೆಯಲ್ಲಿ ಉಜ್ಜಿ ಉಜ್ಜಿ ಎಳೆ ಎಳೆಯಾಗಿದೆಯಂತೆ. ಹರಿದಲ್ಲೇ ಹೊಲಿದು ಬಿಡ್ರಿ ಎಂದೆ. ಹೊಲಿದರೆ ಮತ್ತೆ ಅಲ್ಲೇ ಉಜ್ಜುತ್ತದೆ ಎಂದರು. ಅದೂ ಖರೆ.

ನೀನು ಕೇಳದೆ ಹೋದ ಉಳಿದರ್ಧ ಹೀಗಿದೆ. ಕತ್ತರಿಸುವುದು ಭುಜದೊಳಗಿನ ಕೆಟ್ಟ ತುದಿಯನ್ನು ಮಾತ್ರ. ಆಮೇಲೆ ದಾರಿ ಎರಡು. ಕತ್ತರಿಸಿ ಹಾಗೇ ಬಿಟ್ಟರೆ ಬೇಗ ಆರಾಮ. ಆದರೆ ಸ್ನಾಯು ಕೆಳಗೆ ಜಾರಿ ಗಡ್ಡೆಯಂತೆ ಕಾಣಬಹುದು, ಜೋರಾಗಿ ಎಳೆದಾಗ ತೋಳು ಹಿಡಿದುಕೊಳ್ಳಬಹುದು. ನನ್ನಂಥ ಮುದುಕಿಗೆ ಅಷ್ಟೇ ಸಾಕಂತೆ. ಇನ್ನೊಂದು, ಆ ತುದಿಯನ್ನು ಕೆಳಗೆ ತಂದು ತೋಳಿನ ಎಲುಬಿಗೇ ಸಣ್ಣ ಸ್ಕ್ರೂ ಹಾಕಿ ಬಿಗಿಯುವುದು. ಕೈ ವಾರಗಟ್ಟಲೆ ಕೊರಳಿನ ಜೋಳಿಗೆಯಲ್ಲಿ, ಭಾರ ಎತ್ತಲು ತಿಂಗಳುಗಟ್ಟಲೆ ಕಾಯಬೇಕು. ಎಲುಬು ಹಗ್ಗವನ್ನು ತನ್ನದೇ ಎಂದು ಹಿಡಿದುಕೊಳ್ಳುವವರೆಗೂ.

ನಿಮ್ಮಪ್ಪ, ಮೊದಲಿನದೇ ಮಾಡ್ರಿ, ಆಕಿ ಹತ್ತೂದು ಸಾಕು ಎಂದ. ಕೈ ನಿಂದೇನು ಎಂದು ಕೇಳಿದೆ. ಆಮೇಲೆ ಡಾಕ್ಟರ ಕಡೆ ತಿರುಗಿ ನಾನೇ ಕೇಳಿದೆ.

“ಬಾಯಾರ, ಎಲುಬಿಗೆ ಬಿಗಿದ್ರ ಆಕಿ ಮತ್ತ ಕಲ್ಲು ಹತ್ತತಾಳೇನ್ರಿ?”

“ಹತ್ತಬಹುದು ಆಯಿ, ಆಣಿ ಮಾಡಿ ಹೇಳಾಕ ಬರೂದಿಲ್ಲ. ಆದ್ರ ಆಕಿ ಎದ್ದು ಹೋಗಿದ್ದ ನೋಡಿದ್ರ, ಆಪರೇಷನ್‌ಕಿಂತ ಆಮ್ಯಾಲೆ ಸುಮ್ನ ಕುಂದ್ರೂದ ಆಕಿಗೆ ಕಠಿಣ” ಎಂದು ನಕ್ಕರು.

ಕುಂದ್ರಿಸುವುದು ನನ್ನ ಕೆಲಸ. ಇಳಕಲ್ಲಿಗೆ ಬಾ. ಜಡೆ ಹಾಕುತ್ತೇನೆ, ರೊಟ್ಟಿ ಮುರಿದು ಕೊಡುತ್ತೇನೆ, ಜೋಳಿಗೆ ಬಿಚ್ಚಿದರೆ ಬೈಯುತ್ತೇನೆ.

ನಿನ್ನ ಆಯಿ,
ಲಗಮವ್ವ

ತಾ.ಕ.: ಹತ್ತುವುದು ಗಂಡುಬೀರಿಯ ಕೆಲಸ ಎಂದು ಮನೆ ತುಂಬ ಬೈದವಳು ನಾನೇ. ಹೋದ ಚಳಿಗಾಲ ಬನಶಂಕರಿ ಗುಡಿಗೆಂದು ಹೇಳಿ ಹೊರಟು, ಬದಾಮಿಯಲ್ಲಿ ನಿನ್ನ ಬಂಡೆಯ ಕೆಳಗೆ ನಿಂತಿದ್ದೆ. ಆ ಕೆಂಪು ಕಲ್ಲಿನ ನಡುವೆ ನೀನು ಹಲ್ಲಿಯಷ್ಟು ಕಾಣುತ್ತಿದ್ದೆ. ಒಂದು ಕೈಯಲ್ಲಿ ಜೋತು ಇನ್ನೊಂದರಿಂದ ಮೇಲಿನ ಸಂದು ಹುಡುಕುತ್ತಿದ್ದೆ. ಕೂಗಿದರೆ ಜಾರುತ್ತೀ ಎಂದು ಬಾಯಿಗೆ ಸೆರಗು ತುರುಕಿಕೊಂಡೆ. ನೀನು ತುದಿಯಲ್ಲಿ ಎದ್ದು ನಿಂತಾಗ ಪಕ್ಕದವನು ಯಾರಕಿ ಎಂದ. ನಮ್ಮ ಮೊಮ್ಮಗಳು ಎಂದೆ. ಗುಡಿಗೆ ಹೋಗಲಿಲ್ಲ, ಅಲ್ಲೇ ಕೈ ಮುಗಿದು ತಿರುಗಿ ಬಂದೆ. ಯಾವ ದಾರಿ ಎಂಬುದನ್ನು ನೀನೇ ಆರಿಸಿ, ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರೆ.