ಕೆಂಪು ಚುಕ್ಕಿ

ಶನಿವಾರ, ಬೆಳಿಗ್ಗೆ

ಪ್ರೀತಿಯ ಅಕ್ಕ,

‘ಹತ್ತಿರದ್ದು ಮಸುಕಾದಾಗ ದೂರದ್ದು ತಾನಾಗಿ ಬೆಳಗುವುದು’ ಅಂತ ಒಂದು ಸಾಲು ಎಲ್ಲೋ ಓದಿದ್ದೆ. ಪದಗಳು ಇವೇನಾ, ಹಿಂದುಮುಂದಾಗಿವೆಯಾ, ಗೊತ್ತಿಲ್ಲ. ಎದ್ದಾಗಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಓದಿದಾಗ ಮೆಚ್ಚಿ ಅಡಿಗೆರೆ ಎಳೆದಿದ್ದೆ. ಈಗ ಅನ್ನಿಸುತ್ತಿದೆ, ಬರೆದವರ ಕಣ್ಣು ಚೆನ್ನಾಗಿದ್ದಿರಬೇಕು. ಎರಡೂ ಒಟ್ಟಿಗೇ ಮಸುಕಾದರೆ ಏನು ಗತಿ ಅಂತ ಆ ಸಾಲಿನಲ್ಲಿಲ್ಲ.

ಪೀಠಿಕೆ ಸಾಕು ಅಂತೀಯ. ವಿಷಯ ಇದು: ಅಮ್ಮನ ರೈಫಲ್ಲಿಗೆ ಸೈಟ್ ಹುಡುಕುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ಹೇಳಿದರೆ ಭಾವ, ‘ಯಾವ ಬಡಾವಣೆ, ಮೂಲೆಯದ್ದಾ?’ ಅಂದರು. ಆ ಸೈಟಲ್ಲ ಭಾವ, ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವುದು ಅಂದ ಕೂಡಲೇ ಫೋನು ನಿನ್ನ ಕೈಗೆ ಬಂತು. ನೀನೋ, ‘ಈ ವಯಸ್ಸಲ್ಲಿ ಅವಳಿಗೇನು ಬಂದೂಕು, ನೀನಾದರೂ ಬುದ್ಧಿ ಹೇಳಬಾರದಾ’ ಅಂತ ಗದರಿ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಅಮ್ಮ ಗುರಿ ಹೊಡೆಯುವುದು ಕಲಿಸುತ್ತಿದ್ದ ಕ್ಲಬ್ಬಿನಲ್ಲಿ ಮುಂದಿನ ತಿಂಗಳು ಹಿರಿಯರ ಪಂದ್ಯ. ಅಲ್ಲಿ ಈಗಲೂ ಎಲ್ಲರಿಗೂ ಅವಳು ‘ಗುರಿಯಮ್ಮ’ನೇ. ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಿದ್ದಾಳೆ. ತನ್ನ ಹಳೆಯ ರೈಫಲ್ ಎತ್ತಿದರೆ ಭುಜ ಹಿಡಿದುಕೊಳ್ಳುತ್ತದೆ ಅಂತ, ಹೊಸಬರಿಗೆ ಕೊಡುವ ಪುಟ್ಟ ಏರ್ ರೈಫಲ್ ಕೇಳಿ ತಂದುಕೊಂಡಳು. ಬಲು ಹಗುರ. ‘ನನ್ನ ಕೊಡೆ ಇದಕ್ಕಿಂತ ಭಾರ ಇದೆ ಕಣೇ’ ಅಂತ ನಕ್ಕಳು. ನಗು ಚೆನ್ನಾಗಿತ್ತು, ಅಕ್ಕ. ಅಪ್ಪ ಹೋದ ಮೇಲೆ ಅಂಥ ನಗು ಕೇಳಿರಲಿಲ್ಲ.

ಅದಕ್ಕೆ ಈಗಿರುವುದು ಮಾಮೂಲಿ ಸೈಟ್. ಹಿಂದೊಂದು ಸೀಳು, ಮುಂದೊಂದು ಕಡ್ಡಿ, ಆಚೆ ಕಾಗದದ ಮೇಲಿನ ಕಪ್ಪು ವೃತ್ತ. ಮೂರೂ ಒಂದೇ ಗೆರೆಗೆ ಬರಬೇಕು. ನಾನೂ ಹಿಡಿದು ನೋಡಿದೆ. ಕನ್ನಡಕ ಹಾಕಿದರೆ ವೃತ್ತ ಇಲ್ಲ, ತೆಗೆದರೆ ಸೀಳಿಲ್ಲ. ‘ಕಡ್ಡಿ ನೋಡು, ವೃತ್ತ ಮಸುಕಾದರೆ ಆಗಲಿ’ ಅಂತ ಅಮ್ಮ ಕಿವಿಯಲ್ಲಿ ಪಾಠ ಹೇಳಿದಳು. ಆದರೆ ತಾನು ಹಿಡಿದಾಗ, ‘ಈ ಕಡ್ಡಿ ಸಣ್ಣ ಆಯ್ತು, ಬೇರೆ ನೋಡೋಣ’ ಅಂದಳು.

ಕ್ಲಬ್ಬಿನ ರಿಪೇರಿಯವರು ಪರೀಕ್ಷೆಗೆ ಅಂತ ಒಂದು ದುರ್ಬೀನು, ಒಂದು ಚುಕ್ಕಿಯ ಸೈಟ್ ಕೊಟ್ಟರು. ದುರ್ಬೀನು ಕೂರಿಸಿದರೆ ಪಾಪದ ರೈಫಲ್ಲಿಗೆ ತಲೆಯೇ ಭಾರವಾಗಿ ಪಕ್ಕಕ್ಕೆ ವಾಲುತ್ತದೆ. ದೂರದ ನೀರಿನ ಟ್ಯಾಂಕ್ ಕಾಣುತ್ತದೆ, ಹಿತ್ತಲ ಗೋಡೆಯ ಕಾಗದ ಕಾಣುವುದಿಲ್ಲ. ಚುಕ್ಕಿಯದ್ದು ಹಗುರ, ಬೆಂಕಿಪೆಟ್ಟಿಗೆಯಷ್ಟು. ಪಕ್ಕದ ಗುಂಡಿ ತಿರುಗಿಸಿದರೆ ಟಿಕ್ ಅಂದು ಗಾಜಿನಲ್ಲಿ ಕೆಂಪು ಚುಕ್ಕಿ ಹತ್ತಿಕೊಳ್ಳುತ್ತದೆ. ಚುಕ್ಕಿಯನ್ನು ವೃತ್ತದ ಮೇಲಿಟ್ಟರೆ ಆಯಿತು, ಸೀಳು ಕಡ್ಡಿಗಳ ಗೋಜಿಲ್ಲ. ಅದನ್ನೇ ಕೂರಿಸಿ, ಖಾಲಿ ರೈಫಲ್ ಅಮ್ಮನ ಕೈಗೆ ಕೊಟ್ಟೆ. ಎಂದಿನಂತೆ ಬಲಭುಜಕ್ಕಿಟ್ಟು, ಎಡಗಣ್ಣು ಮುಚ್ಚಿ, ಉಸಿರು ಹಿಡಿದಳು. ‘ಹ್ಞಾಂ, ಇದು ಸರಿ. ಕೆಂಪಗೆ ನಟ್ಟನಡುವೆ ಕೂತಿದೆ ನೋಡು’ ಅಂದಳು.

ವಾಪಸು ಇಸಿದುಕೊಂಡು ಆರಿಸಲು ಹೋದರೆ, ಅದು ಹತ್ತಿಯೇ ಇರಲಿಲ್ಲ. ನಾನು ಗುಂಡಿ ತಿರುಗಿಸುವುದನ್ನೇ ಮರೆತಿದ್ದೆ.

ಚೆನ್ನಾಗಿದೆಯಮ್ಮ ಅಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಚಹಾ ಬಗ್ಗಿಸುವಾಗ ಅವಳ ಕೈ ನೋಡುತ್ತೇನೆ, ಲೋಟದ ಅಂಚು ತಪ್ಪುತ್ತದೆ. ಪೇಪರ್ ಓದುವಾಗ ಬಲಗಣ್ಣಿನ ಮೇಲೆ ಅಂಗೈ. ಕೇಳಿದರೆ ಬಿಸಿಲು ಅಂತಾಳೆ. ಗುಂಡಿನ ಡಬ್ಬಿಯನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದೇನೆ. ಅವಳು ಹುಡುಕುತ್ತಾಳೆ, ಕೇಳುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಏನೋ ಕಳೆದುಕೊಂಡವರ ಹಾಗೆ ಓಡಾಡುತ್ತಿದ್ದೇವೆ.

ಕಣ್ಣಿನ ಡಾಕ್ಟರನ್ನು ನಾನೊಬ್ಬಳೇ ಹೋಗಿ ಕಂಡೆ. ನೋಡದೆ ಏನೂ ಹೇಳುವುದಿಲ್ಲ ಅಂದರು. ನಡುವಿನ ದೃಷ್ಟಿಯೇ ಹೋಗುತ್ತಿದ್ದರೆ ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹಿಡಿದಿಡಬಹುದು, ತಡಮಾಡಬೇಡಿ ಅಂದರು. ಆದರೆ ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಗುರಿಯಮ್ಮನಿಗೆ ಗುರಿ ಕಾಣುವುದಿಲ್ಲ ಅಂತಲಾ? ಹೇಳಿದ ದಿನವೇ ಪಂದ್ಯ ಬಿಡುತ್ತಾಳೆ, ಕ್ಲಬ್ಬೂ ಬಿಡುತ್ತಾಳೆ. ಹೇಳದಿದ್ದರೆ ಕಣ್ಣು ಹೋಗುತ್ತದೆ. ಆ ಸೈಟ್ ಬೇಕೋ ಬೇಡವೋ ಅಂತ ರಿಪೇರಿಯವರು ಬೇರೆ ಇವತ್ತೇ ಕೇಳುತ್ತಾರೆ.

ನೀನು ಬಾ ಅಕ್ಕ. ನಿನ್ನ ಗದರಿಕೆಗೆ ಅವಳು ಬಗ್ಗುತ್ತಾಳೆ, ನನ್ನ ಮೌನಕ್ಕೆ ಬಗ್ಗುವುದಿಲ್ಲ.

ದಾರಿ ಕಾಯುತ್ತಿರುವ,
ನಿನ್ನ ತಂಗಿ

ತಾ.ಕ.: ಮರೆತೆ ಅಂತ ಬರೆದದ್ದು ಸುಳ್ಳು. ಅನುಮಾನ ಮೊದಲೇ ಇತ್ತು, ಬೇಕೆಂದೇ ತಿರುಗಿಸಲಿಲ್ಲ. ಹೆತ್ತವಳಿಗೇ ಪರೀಕ್ಷೆ ಇಟ್ಟೆ ಅಂತ ನಿನಗೆ ಬರೆಯಲು ನಾಚಿಕೆಯಾಯಿತು. ಲಕೋಟೆ ಅಂಟಿಸುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು. ತಿಂಡಿ ಆದಾಗಿನಿಂದ ಅಮ್ಮ ಅವರ ಮನೆಯಲ್ಲೇ ಕೂತಿದ್ದಾಳೆ. ಒಳಗೆ ಬನ್ನಿ ಅಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಹೇಳಿದರು: ‘ನಿಮ್ಮಮ್ಮ ಹೇಳಿ ಕಳ್ಸಿದಾರೆ. ಅವತ್ತು ಕೆಂಪಗಿದೆ ಅಂದ್ಬಿಟ್ರಂತೆ, ಆಮೇಲೆ ಹೊಳೀತಂತೆ, ಟಿಕ್ ಅನ್ನೋ ಸದ್ದೇ ಬರ್ಲಿಲ್ವಲ್ಲ ಅಂತ. ನೀವು ಕೇಳ್ತೀರೇನೋ ಅಂತ ಕಾದ್ರಂತೆ, ಕೇಳ್ಲಿಲ್ಲ. ಸೋಮವಾರ ಡಾಕ್ಟರ ಹತ್ರ ಬರ್ತಾರಂತೆ. ಆದ್ರೆ ಆ ಚುಕ್ಕೀದು ವಾಪಸ್ ಕೊಡ್ಬೇಡಿ, ಎಡಗಣ್ಣಿಗೆ ಹಿಡಿದು ನೋಡ್ಬೇಕಂತೆ. ಭುಜ ನೋವೂ ಇಲ್ಲ ಏನೂ ಇಲ್ಲ ಕಣಮ್ಮ, ಹಗುರದ ಬಂದೂಕು ತಂದಿದ್ದೇ ಎಡಗಡೆ ಹಿಡಿಯೋದು ಹೊಸದಾಗಿ ಕಲಿಯೋಕಂತೆ.’